ಕೋಳಿ ತಳಿ ನಿಜಕ್ಕೂ ಅಪರೂಪವೆನಿಸುವುದು ಯಾವಾಗ?

ಚನ್ನಪಟ್ಟಣ: ಬೆಂಗಳೂರು-ಮೈಸೂರು ಹಳೆಯ ಹೆದ್ದಾರಿಯಲ್ಲಿ ರಾಮನಗರ ದಾಟಿ ಚನ್ನಪಟ್ಟಣದತ್ತ ಸಾಗುವವರಿಗೆ ಬಣ್ಣದ ಗೊಂಬೆಗಳ ಅಂಗಡಿಗಳಷ್ಟೇ ಪರಿಚಿತವಾದ ಮತ್ತೊಂದು ನೋಟವೆಂದರೆ ‘ನಾಟಿ ಕೋಳಿ ಸಾರು, ರಾಗಿ ಮುದ್ದೆ’ ಎಂಬ ಫಲಕ. ಫಾರಂ ಕೋಳಿಗಿಂತ ಹೆಚ್ಚು ಬೆಲೆ ತೆತ್ತು ನಾಟಿ ಕೋಳಿ ತಿನ್ನುವ ಗ್ರಾಹಕ, ತನ್ನ ತಟ್ಟೆಗೆ ಅಪರೂಪದ್ದೇನೋ ಬಂದಿದೆ ಎಂದೇ ನಂಬುತ್ತಾನೆ. ಇತ್ತ ತೋಟದ ಮನೆಗಳಲ್ಲಿ ಹವ್ಯಾಸಕ್ಕೆ ಕೋಳಿ ಸಾಕುವವರೂ ‘ಅಪರೂಪದ ತಳಿ’ ಎಂಬ ಮಾತಿಗೆ ಮರುಳಾಗಿ ಜೋಡಿಗೆ ಸಾವಿರಾರು ರೂಪಾಯಿ ಕೊಡುವುದುಂಟು. ಆದರೆ ಕೋಳಿಯೊಂದರ ತಳಿ ಅಪರೂಪ ಎನ್ನಲು ಅದರ ಬೆಲೆಯಾಗಲೀ, ಬಣ್ಣವಾಗಲೀ, ಫಲಕದ ಮೇಲಿನ ಅಕ್ಷರಗಳಾಗಲೀ ಸಾಕ್ಷಿಯಾಗುವುದಿಲ್ಲ. ಅದಕ್ಕೆ ಬೇರೆಯದೇ ಲೆಕ್ಕಾಚಾರವಿದೆ. ಆ ಲೆಕ್ಕ ಹಾಕಿ ನೋಡಿದರೆ, ನಿಜವಾಗಿ ಅಪಾಯದಲ್ಲಿರುವ ಕೋಳಿಗಳು ಮಾರುಕಟ್ಟೆಯಲ್ಲಿ ಸದ್ದು ಮಾಡುವ ಕೋಳಿಗಳಲ್ಲ ಎಂಬುದು ತಿಳಿಯುತ್ತದೆ.

‘ನಾಟಿ’ ತಳಿಯ ಹೆಸರಲ್ಲ

ಮೊದಲಿಗೆ ಒಂದು ತಪ್ಪು ಗ್ರಹಿಕೆಯನ್ನು ದೂರ ಮಾಡಿಕೊಳ್ಳಬೇಕು. ‘ನಾಟಿ’ ಎಂದರೆ ಊರಿನದು, ಇಲ್ಲಿಯದು ಎಂದಷ್ಟೇ ಅರ್ಥ. ಹಿತ್ತಲಲ್ಲಿ ಕೆದಕಿ ಮೇಯುವ, ತಾನೇ ಕಾವು ಕೂತು ಮರಿ ಮಾಡುವ, ವರ್ಷಕ್ಕೆ ಅರವತ್ತು-ಎಂಬತ್ತು ಮೊಟ್ಟೆಗಳಿಗೆ ತೃಪ್ತಿಪಡುವ ಕೋಳಿಗಳೆಲ್ಲ ಈ ಒಂದು ಹೆಸರಿನಡಿ ಬರುತ್ತವೆ. ಮಾಗಡಿಯ ಹಿತ್ತಲಿನ ಕೆಂಪು ಹೇಂಟೆಯೂ ನಾಟಿಯೇ, ಕನಕಪುರದ ಕಪ್ಪು ಹುಂಜವೂ ನಾಟಿಯೇ. ಇವು ಒಂದೇ ತಳಿಗೆ ಸೇರಿದವು ಎನ್ನಲು ಬಾರದು.

ಚನ್ನಪಟ್ಟಣದ ಆಟಿಕೆಗಳಿಗೆ ಭೌಗೋಳಿಕ ಸೂಚಿಕೆಯ ರಕ್ಷಣೆಯಿದೆ. ಬೇರೆಡೆ ತಯಾರಾದ ಗೊಂಬೆಯನ್ನು ಚನ್ನಪಟ್ಟಣದ್ದೆಂದು ಮಾರುವುದು ಕಾನೂನಿನ ಪ್ರಕಾರ ತಪ್ಪು. ‘ನಾಟಿ ಕೋಳಿ’ ಎಂಬ ಹೆಸರಿಗೆ ಅಂತಹ ರಕ್ಷಣೆಯೂ ಇಲ್ಲ, ಇದೇ ನಾಟಿ ಎಂದು ಗುರುತಿಸುವ ಅಳತೆಗೋಲೂ ಇಲ್ಲ. ಫಾರಂನಲ್ಲಿ ಬೆಳೆದ ಬಣ್ಣದ ಕೋಳಿಯೂ ಆ ಹೆಸರಿನಲ್ಲಿ ಸಲೀಸಾಗಿ ಅಡುಗೆಮನೆ ಸೇರಬಲ್ಲದು.

ಸಂಖ್ಯೆಯಲ್ಲಿಯೂ ಹಿತ್ತಲ ಕೋಳಿಗಳು ವಿರಳವಲ್ಲ. 2019ರ 20ನೆಯ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿದ್ದ ಒಟ್ಟು ಸಾಕುಕೋಳಿ ಮುಂತಾದ ಹಕ್ಕಿಗಳ ಸಂಖ್ಯೆ ಸುಮಾರು 85 ಕೋಟಿ. ಇದರಲ್ಲಿ ಹಿತ್ತಲಲ್ಲಿ ಸಾಕುವಂಥವು ಸುಮಾರು 31.7 ಕೋಟಿ. 2012ರ ಗಣತಿಗೆ ಹೋಲಿಸಿದರೆ ಹಿತ್ತಲ ಹಕ್ಕಿಗಳ ಸಂಖ್ಯೆ ಶೇ. 46ರ ಆಸುಪಾಸಿನಲ್ಲಿ ಏರಿಕೆ ಕಂಡಿದೆ. ಆದರೆ ಈ ಲೆಕ್ಕದಲ್ಲಿ ಹಳೆಯ ದೇಸಿ ಕೋಳಿಗಳ ಜೊತೆಗೆ ಸುಧಾರಿತ ಕೋಳಿಗಳೂ ಸೇರಿವೆ. ಹೀಗಾಗಿ ಕೋಳಿಗಳು ಹೆಚ್ಚುತ್ತಿರುವಾಗಲೇ ತಳಿಯೊಂದು ಸದ್ದಿಲ್ಲದೆ ಕರಗಿಹೋಗಲು ಸಾಧ್ಯವಿದೆ.

ತಳಿ ಎನಿಸಿಕೊಳ್ಳಲು ಬೇಕಾದ ಅರ್ಹತೆ

ಅಪರೂಪದ ತಳಿ ಎನ್ನುವುದಕ್ಕೆ ಮುನ್ನ ಅದು ತಳಿಯೇ ಹೌದೇ ಎಂಬುದು ಸ್ಪಷ್ಟವಾಗಬೇಕು. ತಳಿಯ ಮುಖ್ಯ ಲಕ್ಷಣವೆಂದರೆ ತನ್ನಂತಹುದನ್ನೇ ಪಡೆಯುವುದು. ಒಂದೇ ಬಗೆಯ ಹುಂಜ, ಹೇಂಟೆಗಳನ್ನು ಕೂಡಿಸಿದಾಗ ಹುಟ್ಟುವ ಮರಿಗಳು ಬೆಳೆದು ಅದೇ ಮೈಕಟ್ಟು, ಅದೇ ಜುಟ್ಟು, ಅದೇ ನಡತೆಯನ್ನು ತಲೆಮಾರಿನಿಂದ ತಲೆಮಾರಿಗೆ ತೋರುತ್ತಿರಬೇಕು. ಜೊತೆಗೆ ಅದಕ್ಕೊಂದು ನೆಲೆಯೂ ಅದನ್ನು ಸಾಕಿ ಬೆಳೆಸಿದ ಜನರೂ ಇರಬೇಕು.

ಕಾಡುಕೋಳಿಯ ಮಾತು ಬೇರೆ. ಕನಕಪುರದಾಚೆಯ ಕಾವೇರಿ ವನ್ಯಜೀವಿ ಧಾಮದ ಕಾಡುಗಳಲ್ಲಿ ಕೂಗುವ ಬೂದು ಕಾಡುಕೋಳಿ ಯಾವುದೇ ಸಾಕುಕೋಳಿಯ ತಳಿಯಲ್ಲ, ಅದು ಪ್ರತ್ಯೇಕ ಪ್ರಭೇದ. ಅದನ್ನು ಹಿಡಿಯುವುದು, ಮಾರುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಊರಿನ ಕೋಳಿಗಳ ಮೂಲ ಪೂರ್ವಜ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಆದರೆ ಸಾಕುಕೋಳಿಗಳ ಹಳದಿ ಚರ್ಮಕ್ಕೆ ಕಾರಣವಾದ ವಂಶವಾಹಿ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ದಕ್ಷಿಣ ಭಾರತದ ಕಾಡಿನ ಹಕ್ಕಿಯೊಂದರ ಕುರುಹು ಜಗತ್ತಿನ ಕೋಟ್ಯಂತರ ಕೋಳಿಗಳ ಮೈಯಲ್ಲಿದೆ ಎಂಬುದು ಕುತೂಹಲದ ಸಂಗತಿ.

ನಮ್ಮ ದೇಶದಲ್ಲಿ ಜಾನುವಾರು ಹಾಗೂ ಕೋಳಿ ತಳಿಗಳನ್ನು ನೋಂದಾಯಿಸುವ ಸಂಸ್ಥೆ ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ. ಈ ಸಂಸ್ಥೆ 1984ರಲ್ಲಿ ಮೊದಲು ಆರಂಭವಾದದ್ದು ಬೆಂಗಳೂರಿನಲ್ಲಿ. ಮರುವರ್ಷ ಕರ್ನಾಲ್‌ಗೆ ಸ್ಥಳಾಂತರಗೊಂಡಿತು. ಬ್ಯೂರೊದ ಪಟ್ಟಿಯಲ್ಲಿ ಅಸೀಲ್, ಕಡಕ್‌ನಾಥ್, ನಿಕೋಬಾರಿ, ತಲಚೇರಿ, ಕಾಳಾಸ್ತಿ ಸೇರಿದಂತೆ ಇಪ್ಪತ್ತರ ಆಸುಪಾಸಿನಲ್ಲಿ ಕೋಳಿ ತಳಿಗಳಿವೆ.

ಕೋಲಾರದ ಘಾಗಸ್

ಈ ಪಟ್ಟಿಯಲ್ಲಿ ಕರ್ನಾಟಕದ ಹೆಸರು ಕಾಣಿಸುವುದು ಘಾಗಸ್ ಎಂಬ ತಳಿಯ ಜೊತೆ. ಕೋಲಾರ ಭಾಗ ಹಾಗೂ ಅದಕ್ಕೆ ಹೊಂದಿಕೊಂಡ ಆಂಧ್ರಪ್ರದೇಶದ ಪ್ರದೇಶಗಳು ಇದರ ತವರು. ಮೈಬಣ್ಣ ಹೆಚ್ಚಾಗಿ ಕಂದು. ಹುಂಜಗಳ ಎದೆ, ಬಾಲ ಮತ್ತು ತೊಡೆಗಳಲ್ಲಿ ನೀಲಿ ಹೊಳಪಿನ ಕಪ್ಪು ಗರಿಗಳೂ ಕತ್ತಿನ ಸುತ್ತ ಹೊಂಬಣ್ಣದ ಗರಿಗಳೂ ಇರುತ್ತವೆ. ಹೈದರಾಬಾದಿನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯವು ಘಾಗಸ್ ಕೋಳಿಗಳ ಹಿಂಡೊಂದನ್ನು ಸಾಕಿ ಅಧ್ಯಯನ ನಡೆಸಿದೆ.

ವಿಚಿತ್ರವೆಂದರೆ ಬೆಂಗಳೂರಿನಲ್ಲಿ ಕಡಕ್‌ನಾಥ್ ಎಂದರೆ ತಿಳಿಯದವರು ಕಡಿಮೆ. ಘಾಗಸ್ ಎಂದರೆ ತಿಳಿದವರು ಕಡಿಮೆ. ದೂರದ ಮಧ್ಯಪ್ರದೇಶದ ಕೋಳಿ ನಗರದ ಹೋಟೆಲುಗಳ ಪಟ್ಟಿಯಲ್ಲಿದೆ; ಪಕ್ಕದ ಜಿಲ್ಲೆಯ ಕೋಳಿ ಸರ್ಕಾರಿ ದಾಖಲೆಯಲ್ಲಿ ಮಾತ್ರ ಉಳಿದಂತಿದೆ. ಘಾಗಸ್ ಕೋಳಿಗೆ ಬಣ್ಣದ ಬೆರಗಿಲ್ಲ. ನೋಡಿದವರಿಗೆ ಅದು ‘ಇನ್ನೊಂದು ನಾಟಿ ಕೋಳಿ’ ಅಷ್ಟೇ. ಅದರ ಅಪಾಯವಿರುವುದೂ ಇಲ್ಲಿಯೇ.

ಎಣಿಸಬೇಕಾದದ್ದು ಯಾವುದನ್ನು?

ತಳಿಯ ವಿರಳತೆಯನ್ನು ಅಳೆಯುವಾಗ ತಜ್ಞರು ಒಟ್ಟು ಕೋಳಿಗಳನ್ನು ಎಣಿಸುವುದಿಲ್ಲ. ವಂಶ ಮುಂದುವರಿಸುವ ಹಕ್ಕಿಗಳೆಷ್ಟು ಎಂಬುದನ್ನು ಮಾತ್ರ ಎಣಿಸುತ್ತಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2007ರ ತನ್ನ ವರದಿಯಲ್ಲಿ ಅನುಸರಿಸಿದ ವರ್ಗೀಕರಣದಂತೆ, ಮರಿ ಮಾಡುವ ಹೆಣ್ಣುಗಳ ಸಂಖ್ಯೆ ನೂರು ಅಥವಾ ಅದಕ್ಕಿಂತ ಕಡಿಮೆಯಿದ್ದರೆ, ಇಲ್ಲವೇ ಗಂಡುಗಳು ಐದು ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಆ ತಳಿಯ ಸ್ಥಿತಿ ‘ಚಿಂತಾಜನಕ’. ಹೆಣ್ಣುಗಳು ಸಾವಿರದೊಳಗೆ, ಇಲ್ಲವೇ ಗಂಡುಗಳು ಇಪ್ಪತ್ತರೊಳಗೆ ಇದ್ದರೆ ಅದು ‘ಅಳಿವಿನ ಅಪಾಯದಲ್ಲಿರುವ’ ತಳಿ.

ಅಮೆರಿಕದ ಲೈವ್‌ಸ್ಟಾಕ್ ಕನ್ಸರ್ವೆನ್ಸಿ ಎಂಬ ಸಂಸ್ಥೆಯ ಅಳತೆಗೋಲು ಇನ್ನೂ ಒಂದು ಹೆಜ್ಜೆ ಮುಂದಿದೆ. ಆ ದೇಶದಲ್ಲಿ ವಂಶಾಭಿವೃದ್ಧಿಗೆ ಬಳಸುವ ಹಕ್ಕಿಗಳು ಐನೂರಕ್ಕಿಂತ ಕಡಿಮೆ, ಐವತ್ತು ಅಥವಾ ಹೆಚ್ಚು ಹಕ್ಕಿಗಳಿರುವ ಮುಖ್ಯ ಹಿಂಡುಗಳು ಐದು ಅಥವಾ ಅದಕ್ಕೂ ಕಡಿಮೆ, ಇಡೀ ಜಗತ್ತಿನಲ್ಲಿ ಸಾವಿರಕ್ಕಿಂತ ಕಡಿಮೆ ಎಂದಾದರೆ ಮಾತ್ರ ಆ ತಳಿಯನ್ನು ಅತ್ಯಂತ ಅಪಾಯದ ಪಟ್ಟಿಗೆ ಸೇರಿಸಲಾಗುತ್ತದೆ. ಹಕ್ಕಿಗಳು ಎಷ್ಟಿವೆ ಎಂಬುದರ ಜೊತೆಗೆ ಎಷ್ಟು ಕಡೆ ಇವೆ ಎಂಬುದನ್ನೂ ಇದು ಕೇಳುತ್ತದೆ. ಒಂದು ದೇಶದಲ್ಲಿ ಅಪರೂಪವಾದ ಕೋಳಿ ಇನ್ನೊಂದು ದೇಶದಲ್ಲಿ ಬೀದಿಬೀದಿಯಲ್ಲಿರಬಹುದು. ವಿದೇಶದಿಂದ ಬಂದ ಅಲಂಕಾರದ ಕೋಳಿ ಇಲ್ಲಿ ಸಿಗುವುದು ಕಷ್ಟವೆಂದ ಮಾತ್ರಕ್ಕೆ ಆ ತಳಿ ಅಳಿವಿನಂಚಿನಲ್ಲಿದೆ ಎಂದರ್ಥವಲ್ಲ.

ಹುಂಜದ ಲೆಕ್ಕ

ಗಂಡುಗಳನ್ನು ಬೇರೆಯಾಗಿ ಎಣಿಸುವುದಕ್ಕೆ ಕಾರಣವಿದೆ. ಹುಟ್ಟುವ ಪ್ರತಿ ಮರಿಗೂ ಅರ್ಧ ವಂಶವಾಹಿಗಳು ತಂದೆಯಿಂದ, ಇನ್ನರ್ಧ ತಾಯಿಯಿಂದ ಬರುತ್ತವೆ. ಒಂದು ಹಿಂಡಿನಲ್ಲಿ ನೂರು ಹೇಂಟೆಗಳಿದ್ದು ಹುಂಜ ಒಂದೇ ಇದ್ದರೆ, ಮುಂದಿನ ತಲೆಮಾರಿನ ಮರಿಗಳೆಲ್ಲ ಒಂದೇ ತಂದೆಯ ಮಕ್ಕಳಾಗುತ್ತವೆ. ತಳಿ ವಿಜ್ಞಾನದ ಸೂತ್ರ ಸರಳವಾಗಿದೆ: ಗಂಡುಗಳ ಸಂಖ್ಯೆಯನ್ನು ಹೆಣ್ಣುಗಳ ಸಂಖ್ಯೆಯಿಂದ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಬಂದ ಮೊತ್ತವನ್ನು ಗಂಡು-ಹೆಣ್ಣುಗಳ ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. ಈ ಪ್ರಕಾರ ಒಂದು ಹುಂಜ, ನೂರು ಹೇಂಟೆಗಳ ಹಿಂಡಿನ ‘ಪರಿಣಾಮಕಾರಿ ಸಂಖ್ಯೆ’ ಕೇವಲ ನಾಲ್ಕು. ಹುಂಜಗಳು ಹತ್ತಾದರೆ ಅದು ಮೂವತ್ತಾರಕ್ಕೆ ಏರುತ್ತದೆ. ಐವತ್ತು ಹುಂಜ, ಐವತ್ತು ಹೇಂಟೆಗಳಿದ್ದರೆ ಪೂರ್ತಿ ನೂರು.

ಪರಿಣಾಮಕಾರಿ ಸಂಖ್ಯೆ ಐವತ್ತಾದರೂ ಇರಬೇಕೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಕನಿಷ್ಠ ಮಿತಿ. ಆಗ ಒಳಸಂತಾನದ ಪ್ರಮಾಣ ತಲೆಮಾರಿಗೆ ಶೇ. 1ರಷ್ಟು ಏರುತ್ತದೆ. ಸಂಖ್ಯೆ ನಾಲ್ಕಕ್ಕೆ ಇಳಿದರೆ ಅದು ಶೇ. 12.5ಕ್ಕೆ ಜಿಗಿಯುತ್ತದೆ. ಮೊಟ್ಟೆಗಳು ಮರಿಯಾಗದಿರುವುದು, ಮರಿಗಳು ಸೊರಗುವುದು, ರೋಗಕ್ಕೆ ಬೇಗ ತುತ್ತಾಗುವುದು ಇದರ ಫಲ. ಶೆಡ್ಡಿನ ತುಂಬ ಕೋಳಿಗಳಿದ್ದರೂ ತಳಿ ಅಪಾಯದಲ್ಲಿರುವುದು ಹೀಗೆ.

ಹಳ್ಳಿಗಳ ರೂಢಿಯೂ ಹುಂಜದ ಪರವಾಗಿಲ್ಲ. ಮೊಟ್ಟೆಗಾಗಿ ಹೇಂಟೆಯನ್ನು ಉಳಿಸಿಕೊಳ್ಳುತ್ತಾರೆ. ಹಬ್ಬ ಬಂದಾಗ, ನೆಂಟರು ಬಂದಾಗ, ಕೈಯಲ್ಲಿ ಕಾಸಿಲ್ಲದಾಗ ಮೊದಲು ಹೋಗುವುದು ಹುಂಜ. ಅದರಲ್ಲಿಯೂ ಚೆನ್ನಾಗಿ ಮೈ ತುಂಬಿಕೊಂಡ ಹುಂಜ. ಮರಿಗಳಿಗೆ ತಂದೆಯಾಗಿ ಉಳಿಯುವುದು ಎರಡನೆಯದೋ ಮೂರನೆಯದೋ.

ಒಂದೇ ಕಡೆ ಇದ್ದರೆ

2012ರ ಅಕ್ಟೋಬರ್‌ನಲ್ಲಿ ಬೆಂಗಳೂರು ಹೊರವಲಯದ ಹೆಸರಘಟ್ಟದಲ್ಲಿರುವ ಕೇಂದ್ರೀಯ ಕುಕ್ಕುಟ ಅಭಿವೃದ್ಧಿ ಸಂಸ್ಥೆಯ ಟರ್ಕಿ ಕೋಳಿಗಳಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತು. ರೋಗ ಹರಡದಂತೆ ತಡೆಯಲು ಅಲ್ಲಿದ್ದ ಸಾವಿರಾರು ಹಕ್ಕಿಗಳನ್ನು ಕೊಲ್ಲಬೇಕಾಯಿತು. ಹಕ್ಕಿಜ್ವರ ದೃಢಪಟ್ಟಲ್ಲಿ ಇದು ಅನಿವಾರ್ಯ ಕ್ರಮ. ಆದರೆ ತಳಿ ಸಂರಕ್ಷಣೆಯ ದೃಷ್ಟಿಯಿಂದ ಈ ಘಟನೆ ಕಲಿಸುವ ಪಾಠ ದೊಡ್ಡದು. ಒಂದು ತಳಿಯ ಹಕ್ಕಿಗಳೆಲ್ಲ ಒಂದೇ ಆವರಣದಲ್ಲಿದ್ದರೆ, ಒಂದು ವಾರದಲ್ಲಿ ಆ ತಳಿಯೇ ಇಲ್ಲವಾಗಬಹುದು.

ಹಳ್ಳಿಗಳಲ್ಲಿ ಇದೇ ಕೆಲಸವನ್ನು ಕೊಕ್ಕರೆ ರೋಗ ಮಾಡುತ್ತದೆ. ರಾಣಿಖೇತ್ ರೋಗವೆಂದೂ ಕರೆಯಲಾಗುವ ಇದು ಬೇಸಿಗೆಯ ದಿನಗಳಲ್ಲಿ ಊರಿಗೆ ಊರನ್ನೇ ಕೋಳಿಯಿಲ್ಲದಂತೆ ಮಾಡುವುದುಂಟು. ಲಸಿಕೆ ಇದೆ, ಆದರೆ ನಾಲ್ಕಾರು ಕೋಳಿ ಸಾಕುವ ಮನೆಗೆ ಅದು ಸಕಾಲಕ್ಕೆ ತಲುಪುವುದು ಕಷ್ಟ. ರೋಗದ ನಂತರ ಖಾಲಿಯಾದ ಹಿತ್ತಲಿಗೆ ಸಂತೆಯಿಂದಲೋ ಮಾರಾಟದ ವಾಹನದಿಂದಲೋ ಹೊಸ ಮರಿಗಳು ಬರುತ್ತವೆ. ಅವು ಹಿಂದಿನವುಗಳ ವಂಶದವಲ್ಲ. ಕೂಗುವ ಹುಂಜ ಮತ್ತೆ ಬಂದಿದ್ದರಿಂದ ಕಳೆದುಹೋದದ್ದು ಯಾರ ಗಮನಕ್ಕೂ ಬರುವುದಿಲ್ಲ.

ರೂಪ ಬೇರೆ, ತಳಿ ಬೇರೆ

ಹಳ್ಳಿಯ ಹಿಂಡುಗಳಲ್ಲಿ ಆಗೊಮ್ಮೆ ಈಗೊಮ್ಮೆ ಕತ್ತಿನ ಮೇಲೆ ಗರಿಯೇ ಇಲ್ಲದ, ಇಲ್ಲವೇ ಗರಿಗಳು ಹಿಂದಕ್ಕೆ ಸುರುಳಿ ಸುತ್ತಿಕೊಂಡ ಕೋಳಿಗಳು ಕಾಣಸಿಗುತ್ತವೆ. ಇವುಗಳನ್ನು ಅಪರೂಪದ ತಳಿಗಳೆಂದು ಮಾರುವವರಿದ್ದಾರೆ. ವಾಸ್ತವವಾಗಿ ಬೋಳು ಕತ್ತು ಒಂದೇ ಒಂದು ವಂಶವಾಹಿಯ ಫಲ. ಬೋಳು ಕತ್ತಿನ ಹುಂಜವನ್ನು ಯಾವ ಹೇಂಟೆಯ ಜೊತೆ ಬಿಟ್ಟರೂ ಮರಿಗಳಲ್ಲಿ ಆ ಗುಣ ಕಾಣಿಸಿಕೊಳ್ಳುತ್ತದೆ. ಗರಿ ಕಡಿಮೆಯಿರುವುದರಿಂದ ಸೆಕೆಯನ್ನು ತಾಳಿಕೊಳ್ಳಲು ಅನುಕೂಲ. ಹಾಗಾಗಿ ಇದು ಉಪಯುಕ್ತ ಗುಣವೇ ಸರಿ. ಆದರೆ ಒಂದು ಗುಣವನ್ನೇ ತಳಿ ಎನ್ನಲಾಗದು.

ಕಡಕ್‌ನಾಥ್ ಇದಕ್ಕೆ ಇನ್ನೂ ಸೂಕ್ಷ್ಮವಾದ ಉದಾಹರಣೆ. ಮಧ್ಯಪ್ರದೇಶದ ಝಾಬುವಾ ಭಾಗದ ಈ ತಳಿಯ ಚರ್ಮ, ಮಾಂಸ, ಮೂಳೆಯ ಹೊದಿಕೆ ಎಲ್ಲವೂ ಕಪ್ಪು. ಝಾಬುವಾ ಕಡಕ್‌ನಾಥ್ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಸೂಚಿಕೆ ದೊರೆಯಿತು. ಬೇಡಿಕೆ ಏರಿದಂತೆ ಕಡಕ್‌ನಾಥ್ ಹೆಸರಿನ ಮರಿಗಳು ದೇಶದ ಮೂಲೆಮೂಲೆಗೂ ತಲುಪಿದವು. ಕಪ್ಪು ಬಣ್ಣಕ್ಕೆ ಕಾರಣವಾದ ವಂಶವಾಹಿ ಬದಲಾವಣೆ ಪ್ರಬಲ ಗುಣವಾದ್ದರಿಂದ, ಬೇರೆ ಕೋಳಿಯೊಂದಿಗೆ ಬೆರೆತು ಹುಟ್ಟಿದ ಮರಿಗಳಲ್ಲಿಯೂ ಕಪ್ಪು ಛಾಯೆ ಕಾಣಿಸಬಹುದು. ಚೀನಾದ ಸಿಲ್ಕಿ, ಇಂಡೋನೇಷ್ಯಾದ ಅಯಾಮ್ ಚೆಮಾನಿ ಕೋಳಿಗಳೂ ಹೀಗೆಯೇ ಒಳಗೆಲ್ಲ ಕಪ್ಪು. ಹೀಗಾಗಿ ಕಪ್ಪು ಮೈ ತಳಿಶುದ್ಧಿಗೆ ಪುರಾವೆಯಾಗದು. ಕಡಕ್‌ನಾಥ್ ಕೋಳಿಯ ಮೊಟ್ಟೆ ಕಪ್ಪಗಿರುತ್ತದೆ ಎಂಬುದಂತೂ ಶುದ್ಧ ಸುಳ್ಳು. ಅದು ತಿಳಿ ಕಂದು ಬಣ್ಣದ್ದು.

ಹೆಸರಿನ ಆಕರ್ಷಣೆ ಎಷ್ಟು ದುಬಾರಿಯಾಗಬಹುದೆಂಬುದಕ್ಕೆ 2019ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಭಾಗದಲ್ಲಿ ಬೆಳಕಿಗೆ ಬಂದ ಪ್ರಕರಣ ಸಾಕ್ಷಿ. ಕಡಕ್‌ನಾಥ್ ಸಾಕಣೆಯ ಯೋಜನೆಯಲ್ಲಿ ಹಣ ತೊಡಗಿಸಿದ್ದ ಅನೇಕ ರೈತರು ತಾವು ವಂಚನೆಗೊಳಗಾದೆವೆಂದು ಪೊಲೀಸರ ಮೊರೆ ಹೋಗಿದ್ದರು.

ಸಂಕರದ ಸದ್ದಿಲ್ಲದ ಹಾದಿ

ದೇಸಿ ತಳಿಗಳು ಮರೆಯಾಗುವುದು ಹೆಚ್ಚಾಗಿ ರೋಗದಿಂದಲ್ಲ, ಬೆರಕೆಯಿಂದ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿ 1989ರಲ್ಲಿ ಬಿಡುಗಡೆ ಮಾಡಿದ ಗಿರಿರಾಜ, ಅನಂತರ ಬಂದ ಸ್ವರ್ಣಧಾರ, ಹೈದರಾಬಾದಿನ ವನರಾಜ ಮುಂತಾದವು ಹಿತ್ತಲ ಸಾಕಣೆಗೆಂದೇ ರೂಪುಗೊಂಡ ಕೋಳಿಗಳು. ಬೇಗ ತೂಕ ಪಡೆಯುವ, ಹೆಚ್ಚು ಮೊಟ್ಟೆಯಿಡುವ ಇವುಗಳಿಂದ ಗ್ರಾಮೀಣ ಕುಟುಂಬಗಳಿಗೆ, ವಿಶೇಷವಾಗಿ ಮಹಿಳೆಯರಿಗೆ ಲಾಭವಾಗಿರುವುದು ನಿಜ.

ಆದರೆ ಇವು ಹಲವು ಮೂಲಗಳ ಸಂಕರದಿಂದ ಬಂದವು. ಅವುಗಳ ಮೊಟ್ಟೆಗಳಿಂದಲೇ ಮತ್ತೆ ಮರಿ ಮಾಡಿದರೆ ಮುಂದಿನ ಪೀಳಿಗೆಯಲ್ಲಿ ಅದೇ ಗುಣಗಳು ಅದೇ ಪ್ರಮಾಣದಲ್ಲಿ ಉಳಿಯುವುದಿಲ್ಲ. ಹೀಗಾಗಿ ರೈತ ಪ್ರತಿ ಬಾರಿಯೂ ಮರಿಗಳಿಗಾಗಿ ಕೇಂದ್ರವನ್ನೇ ಅವಲಂಬಿಸಬೇಕು. ಬೇಲಿಯಿಲ್ಲದ ಹಿತ್ತಲಲ್ಲಿ ಗಿರಿರಾಜ ಹುಂಜ ನೆರೆಮನೆಯ ನಾಟಿ ಹೇಂಟೆಯ ಜೊತೆ ಕೂಡುವುದನ್ನು ತಡೆಯುವವರಾರು? ಹುಟ್ಟುವ ಮರಿ ನೋಡಲು ನಾಟಿಯಂತೆಯೇ ಇರಬಹುದು. ಹತ್ತಾರು ವರ್ಷ ಹೀಗೆ ನಡೆದರೆ ಆ ಊರಿನ ಹಳೆಯ ಕೋಳಿ ಹೆಸರಿಗಷ್ಟೇ ಉಳಿಯುತ್ತದೆ.

ಚನ್ನಪಟ್ಟಣದ ನೆರೆಯ ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿಯ ಕಥೆಯೂ ಇಂಥದೇ. ಬಂಡೂರು, ಬನ್ನೂರು ಎಂಬ ಹೆಸರಿನಲ್ಲಿ ಮಾರಾಟವಾಗುವ ಮಾಂಸಕ್ಕೂ ನಿಜವಾದ ಬಂಡೂರು ಕುರಿಗೂ ಅಂತರ ಬಹಳ. ಆದರೆ ಕುರಿಯ ವಿಷಯದಲ್ಲಿ ಮಂಡ್ಯ ಕುರಿ ಎಂಬ ನೋಂದಾಯಿತ ಹೆಸರಿದೆ, ಧನಗೂರಿನಲ್ಲಿ ಸರ್ಕಾರಿ ಸಂವರ್ಧನಾ ಕೇಂದ್ರವಿದೆ, ಮೂಲ ಯಾವುದೆಂದು ಹೋಲಿಸಿ ನೋಡಲು ಒಂದು ಹಿಂಡಿದೆ. ಇದೇ ಸೀಮೆಯ ಹಿತ್ತಲ ಕೋಳಿಗೆ ‘ನಾಟಿ’ ಎಂಬುದನ್ನು ಬಿಟ್ಟರೆ ಪ್ರತ್ಯೇಕ ಹೆಸರಿಲ್ಲ. ಹೆಸರಿಲ್ಲದ್ದನ್ನು ಎಣಿಸಲು ಬಾರದು, ಎಣಿಸದ್ದು ಕಡಿಮೆಯಾದರೆ ತಿಳಿಯುವುದೂ ಇಲ್ಲ.

ಇದರ ಇನ್ನೊಂದು ಮುಖ ಅಸೀಲ್ ತಳಿಯಲ್ಲಿ ಕಾಣುತ್ತದೆ. ಕಾಳಗಕ್ಕಾಗಿ ಸಾಕಿದವರು ತಲೆಮಾರುಗಳ ಕಾಲ ಅದರ ವಂಶಾವಳಿಯನ್ನು ಜತನದಿಂದ ಕಾಯ್ದುಕೊಂಡು ಬಂದರು. ಕೋಳಿ ಕಾಳಗ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಅದು ಇರಬೇಕಾದದ್ದೂ ಹಾಗೆಯೇ. ಆದರೆ ಬೇರೆ ತಳಿಗಳಿಗೆ ಅಷ್ಟು ನಿಗಾ ವಹಿಸಿ ವಂಶ ಕಾಯುವ ಜನ ಸಿಗಲಿಲ್ಲವೆಂಬುದನ್ನು ಮರೆಯುವಂತಿಲ್ಲ.

ಶೈತ್ಯದಲ್ಲಿಟ್ಟು ಕಾಯಲಾಗದು

ಹಸುವಿನ ತಳಿಯೊಂದು ಕಡಿಮೆಯಾದರೆ ಅದರ ವೀರ್ಯ, ಭ್ರೂಣಗಳನ್ನು ಅತಿ ಶೀತಲದಲ್ಲಿ ಕಾದಿರಿಸಬಹುದು. ಕೋಳಿಯ ವಿಷಯದಲ್ಲಿ ಇದು ಅಷ್ಟು ಸುಲಭವಲ್ಲ. ದೊಡ್ಡ ಹಳದಿ ಭಾಗವಿರುವ ಮೊಟ್ಟೆಯನ್ನು ಹೆಪ್ಪುಗಟ್ಟಿಸಿ ಮತ್ತೆ ಜೀವಂತಗೊಳಿಸಲಾಗದು. ಹುಂಜದ ವೀರ್ಯವನ್ನು ಕಾದಿರಿಸಬಹುದಾದರೂ ಕರಗಿಸಿದ ಮೇಲೆ ಅದರ ಫಲವಂತಿಕೆ ಬಹಳಷ್ಟು ಕುಗ್ಗುತ್ತದೆ. ಅದಲ್ಲದೆ ಪಕ್ಷಿಗಳಲ್ಲಿ ಲಿಂಗ ನಿರ್ಧರಿಸುವ ‘ಡಬ್ಲ್ಯು’ ವರ್ಣತಂತು ಇರುವುದು ಹೆಣ್ಣಿನಲ್ಲಿ ಮಾತ್ರ. ವೀರ್ಯವನ್ನಷ್ಟೇ ಉಳಿಸಿದರೆ ತಳಿಯ ಆ ಭಾಗ ಉಳಿಯುವುದಿಲ್ಲ. ಭ್ರೂಣದ ಮೂಲಜೀವಕೋಶಗಳನ್ನು ಕಾದಿರಿಸುವ ಹೊಸ ವಿಧಾನಗಳು ಬಂದಿವೆಯಾದರೂ ಅವು ಸುಸಜ್ಜಿತ ಪ್ರಯೋಗಾಲಯಗಳಿಗೆ ಸೀಮಿತ. ಆದ್ದರಿಂದ ಕೋಳಿ ತಳಿ ಉಳಿಯಬೇಕಾದರೆ ಜೀವಂತ ಹಿಂಡುಗಳೇ, ಅದೂ ಹಲವು ಕಡೆ, ಉಳಿಯಬೇಕು.

ಉಳಿಸುವ ಅಗತ್ಯವಾದರೂ ಏನು ಎಂಬ ಪ್ರಶ್ನೆ ಸಹಜ. ಜಗತ್ತಿನ ಮಾಂಸದ ಕೋಳಿಗಳ ಮೂಲ ಹಿಂಡುಗಳು ಇಂದು ಬೆರಳೆಣಿಕೆಯ ಕಂಪನಿಗಳ ಕೈಯಲ್ಲಿವೆ. ಪೂರ್ವಜ ಕೋಳಿಗಳಲ್ಲಿದ್ದ ವಂಶವಾಹಿ ವೈವಿಧ್ಯದಲ್ಲಿ ಅರ್ಧ ಅಥವಾ ಅದಕ್ಕಿಂತಲೂ ಹೆಚ್ಚು ಭಾಗ ವಾಣಿಜ್ಯ ಕೋಳಿಗಳಲ್ಲಿ ಇಲ್ಲವಾಗಿದೆ ಎಂದು 2008ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ತಿಳಿಸಿತ್ತು. ವರ್ಷಕ್ಕೆ ಮುನ್ನೂರು ಮೊಟ್ಟೆಯಿಡುವ ಫಾರಂ ಕೋಳಿಗೆ ಕಾವು ಕೂರುವುದು ಮರೆತೇಹೋಗಿದೆ. ಇಪ್ಪತ್ತೊಂದು ದಿನ ಕಾವು ಕೂತು, ಹದ್ದು ಬಂದರೆ ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಂಡು, ಕಸ ಕೆದಕಿ ಹೊಟ್ಟೆ ಹೊರೆಯುವ ಗುಣ ಉಳಿದಿರುವುದು ಹಿತ್ತಲ ಹೇಂಟೆಯಲ್ಲಿ. ವಿದ್ಯುತ್ತು, ಕೊಂಡು ತಂದ ಆಹಾರ, ಔಷಧಗಳಿಲ್ಲದೆ ಬದುಕಬಲ್ಲ ಕೋಳಿ ಮತ್ತೆ ಬೇಕಾದಾಗ ಅದನ್ನು ಪ್ರಯೋಗಾಲಯದಲ್ಲಿ ಹೊಸದಾಗಿ ಸೃಷ್ಟಿಸಲಾಗದು.

ಕೊಳ್ಳುವ ಮುನ್ನ ಕೇಳಬೇಕಾದದ್ದು

‘ಅಪರೂಪದ ತಳಿ’ ಎಂದು ಯಾರಾದರೂ ಕೋಳಿ ಮಾರಲು ಬಂದರೆ ಕೆಲವು ಪ್ರಶ್ನೆಗಳನ್ನು ಕೇಳುವುದು ಒಳಿತು. ಇದರ ತವರು ಯಾವುದು, ಮೂಲ ಹಿಂಡು ಎಲ್ಲಿಂದ ಬಂತು? ಇದರ ಮರಿಗಳು ತಾಯಿ-ತಂದೆಯಂತೆಯೇ ಆಗುತ್ತವೆಯೇ? ಸಾಕುವವರ ಬಳಿ ಬೇರೆ ಬೇರೆ ವಂಶದ ಹುಂಜಗಳೆಷ್ಟಿವೆ? ಬೇರೆ ಕೋಳಿಗಳೊಡನೆ ಬೆರೆಯದಂತೆ ಬೇಲಿ ಇದೆಯೇ? ಈ ಪ್ರಶ್ನೆಗಳಿಗೆ ಉತ್ತರ ಸಿಗದಿದ್ದರೆ ಕೊಡುತ್ತಿರುವ ಹಣ ಬಣ್ಣಕ್ಕೇ ಹೊರತು ತಳಿಗಲ್ಲ ಎಂದು ತಿಳಿಯಬೇಕು.

ತಳಿ ಉಳಿಸುವ ಆಸಕ್ತಿ ಇದ್ದವರಿಗೂ ದಾರಿ ದೂರವಿಲ್ಲ. ಒಂದೇ ಬಗೆಯ ಕೋಳಿಯನ್ನು ಬೇರೆ ಬೇರೆ ಊರುಗಳ ನಾಲ್ಕಾರು ಮನೆಗಳಲ್ಲಿ ಸಾಕುವುದು, ಒಳ್ಳೆಯ ಹುಂಜವನ್ನು ಮೊದಲು ಕೊಯ್ಯದೆ ಉಳಿಸುವುದು, ವರ್ಷಕ್ಕೊಮ್ಮೆ ಹುಂಜಗಳನ್ನು ಪರಸ್ಪರ ಬದಲಾಯಿಸಿಕೊಳ್ಳುವುದು, ಕೊಕ್ಕರೆ ರೋಗಕ್ಕೆ ಸಕಾಲದಲ್ಲಿ ಲಸಿಕೆ ಹಾಕಿಸುವುದು ಇದರ ಮುಖ್ಯ ಕ್ರಮಗಳು. ಇವುಗಳಿಗೆ ದೊಡ್ಡ ಬಂಡವಾಳ ಬೇಡ, ತಾಳ್ಮೆಯೊಂದು ಬೇಕು.

2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣಗೊಂಡ ರಾಮನಗರ ಜಿಲ್ಲೆಯ ಹಳ್ಳಿಗಳಿಗೆ ನಗರ ದಿನದಿಂದ ದಿನಕ್ಕೆ ಹತ್ತಿರವಾಗುತ್ತಿದೆ. ಹಿತ್ತಲುಗಳು ನಿವೇಶನಗಳಾಗುತ್ತಿವೆ. ಹೆದ್ದಾರಿಯ ಫಲಕಗಳಲ್ಲಿ ‘ನಾಟಿ ಕೋಳಿ’ ಇನ್ನೂ ಬಹುಕಾಲ ಉಳಿಯುವುದರಲ್ಲಿ ಸಂದೇಹವಿಲ್ಲ. ಆ ಫಲಕದ ಹಿಂದಿನ ಹಿತ್ತಲಲ್ಲಿ ತನ್ನ ಮೊಟ್ಟೆಗಳ ಮೇಲೆ ತಾನೇ ಕಾವು ಕೂರುವ ಹೇಂಟೆ ಉಳಿದಿದೆಯೇ, ಅದರ ಜೊತೆಗಿರುವ ಹುಂಜ ಯಾವ ವಂಶದ್ದು ಎಂಬುದನ್ನು ಯಾರಾದರೂ ಈಗಲೇ ಬರೆದಿಡಬೇಕಾಗಿದೆ.